ಬೇರೆಯವರ ಕಣಜದಿಂದ ದಾಸೋಹ ಸಲ್ಲುವುದೇ?



ಕೆಲವು ತಿಂಗಳ ಹಿಂದೆ ನಾರಾಯಣಖೇಡ ಕಡೆಯ ರೈತ ಭಕ್ತರೊಬ್ಬರು ಸಂಜೆಯ ಹೊತ್ತಿಗೆ ನಮ್ಮಲ್ಲಿಗೆ ಬಂದರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಇಪ್ಪತ್ತರಷ್ಟು ಪುಟದ ಕಾಗದ. ಅವರ ಧರ್ಮಪತ್ನಿಗೆ ಸ್ತನದ ಕ್ಯಾನ್ಸರ್ ಆಗಿ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿತ್ತು. ಅಲ್ಲಿ ಒಂದು ಹೊಸ ಔಷಧದ ಪರೀಕ್ಷೆ ನಡೆದಿದೆಯೆಂದೂ, ಸೇರುವುದಾದರೆ ಈ ಕಾಗದಕ್ಕೆ ಸಹಿ ಮಾಡಿ ತರಬೇಕೆಂದೂ ಹೇಳಿ ಕಳಿಸಿದ್ದರಂತೆ. ಕಾಗದ ತೆಲುಗಿನಲ್ಲಿ ಇತ್ತು, ಇಂಗ್ಲಿಷಿನಲ್ಲಿ ಇತ್ತು, ಕನ್ನಡದಲ್ಲಿ ಇರಲಿಲ್ಲ. ಭಕ್ತರು ಅದನ್ನು ನಮ್ಮ ಮುಂದೆ ಇಟ್ಟು, “ಅಪ್ಪಾವರೇ, ಸಹಿ ಮಾಡಬೇಕೋ ಬ್ಯಾಡೋ? ನೀವು ಹ್ಯಾಂಗ ಹೇಳ್ತೀರೋ ಹಂಗ” ಎಂದರು.

ನಾವು ಉತ್ತರ ಕೊಡಲು ಬಾಯಿ ತೆರೆದಿದ್ದೆವು. ‘ಬೇಡ, ಯಾಕೆ ಬೇಕು ಆ ಉಸಾಬರಿ’ ಎಂಬ ಮಾತು ತುದಿನಾಲಿಗೆಯಲ್ಲಿತ್ತು. ಅಷ್ಟರಲ್ಲಿ ಏನೋ ನೆನಪಾಗಿ, “ತಾಯಿ ಏನಂತಾಳ?” ಎಂದು ಕೇಳಿದೆವು. ಭಕ್ತರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆಕಿಗಿ ಇನ್ನಾ ಕೇಳಿಲ್ರೀ” ಎಂದರು.

ಆ ದಿನದಿಂದ ಈ ವಿಷಯ ನಮ್ಮ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದಿಂದ ಕಾಯಿಲೆ ಬಿದ್ದವರು ಬೀದರಕ್ಕೋ ಕಲಬುರ್ಗಿಗೋ ಹೈದರಾಬಾದಿಗೋ ಹೋಗುತ್ತಾರೆ. ಇಂಥ ಕಾಗದ ನಾಳೆ ನಿಮ್ಮ ಮನೆಗೂ ಬರಬಹುದು. ಆದುದರಿಂದ ನಾಲ್ಕು ಮಾತು ಕೂಡಿ ವಿಚಾರ ಮಾಡೋಣ.

ಔಷಧದ ಪರೀಕ್ಷೆ ಎಂದರೇನು? ಒಕ್ಕಲಿಗನಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಪಟಾನ್‌ಚೆರು ಬರುತ್ತದೆ. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಇದೆ. ತೊಗರಿಗೆ ನೆಟೆ ರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗುತ್ತಿದ್ದ ಕಾಲದಲ್ಲಿ, ಆ ರೋಗ ತಡೆಯುವ ‘ಮಾರುತಿ’ ತಳಿ ಅಲ್ಲಿಂದ ಬಂದು 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಬಿಡುಗಡೆಗೆ ಮುಂಚೆ ಹಳೆಯ ತಳಿಯನ್ನೂ ಹೊಸ ತಳಿಯನ್ನೂ ಪಕ್ಕಪಕ್ಕದಲ್ಲಿ ಬಿತ್ತಿ, ವರ್ಷವರ್ಷ ತೂಗಿ ನೋಡಿದ್ದಾರೆ. ಪಕ್ಕದಲ್ಲಿ ಹಳೆಯದನ್ನು ಬಿತ್ತದಿದ್ದರೆ ಹೊಸದು ಚೆನ್ನಾಗಿ ಬಂದದ್ದು ಬೀಜದ ಗುಣದಿಂದಲೋ ಮಳೆಯ ಗುಣದಿಂದಲೋ ತಿಳಿಯುವುದಿಲ್ಲ.

ಔಷಧಕ್ಕೂ ಇದೇ ನ್ಯಾಯ. ಮೊದಲು ಪ್ರಾಣಿಗಳ ಮೇಲೆ, ಆ ಮೇಲೆ ಕೆಲವೇ ಮನುಷ್ಯರಿಗೆ ಕೊಟ್ಟು ಅಪಾಯವಿದೆಯೇ, ಎಷ್ಟು ಪ್ರಮಾಣ ಸರಿ ಎಂದು ನೋಡುತ್ತಾರೆ. ಎರಡನೆಯ ಹಂತದಲ್ಲಿ ಇನ್ನಷ್ಟು ರೋಗಿಗಳಿಗೆ ಕೊಡುತ್ತಾರೆ. ಮೂರನೆಯ ಹಂತದಲ್ಲಿ ನೂರಾರು, ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹೊಸದು, ಇನ್ನೊಂದು ಪಾಲಿಗೆ ಹಳೆಯದು ಅಥವಾ ಔಷಧವೇ ಇಲ್ಲದ ಬರೀ ಗುಳಿಗೆ ಕೊಟ್ಟು ತಾಳೆ ನೋಡುತ್ತಾರೆ. ಯಾರಿಗೆ ಯಾವುದು ಸಿಕ್ಕಿತೆಂಬುದು ಬಹಳ ಸಲ ರೋಗಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಡಾಕ್ಟರು ನಿಮಗೆ ಚಿಕಿತ್ಸೆ ಕೊಡುವಾಗ ಅವರ ಗುರಿ ನೀವು ಗುಣವಾಗುವುದು. ಪರೀಕ್ಷೆಯಲ್ಲಿ ಮೊದಲ ಗುರಿ ತಿಳಿಯುವುದು. ಅದರಿಂದ ನಿಮಗೆ ಗುಣವಾಗಬಹುದು, ಆಗದೆಯೂ ಇರಬಹುದು. ಇವೆರಡನ್ನೂ ರೋಗಿ ಒಂದೇ ಎಂದು ತಿಳಿದು ಸಹಿ ಮಾಡಿದರೆ, ಆ ಸಹಿ ತಪ್ಪು ತಿಳುವಳಿಕೆಯ ಸಹಿ. ಹೊಲದಲ್ಲಿ ಬೆಳೆ ಹೋದರೆ ಮುಂದಿನ ಮೃಗಶಿರೆಗೆ ಮತ್ತೆ ಬಿತ್ತಬಹುದು. ದೇಹಕ್ಕೆ ಎರಡನೆಯ ಬಿತ್ತನೆ ಇಲ್ಲ.

ಹಾಗಾದರೆ ಇಂಥ ಪರೀಕ್ಷೆಯೇ ಬೇಡವೆನ್ನೋಣವೇ? ಅದೂ ನ್ಯಾಯವಲ್ಲ. ಹಿಂದೆ ಕ್ಷಯ ಬಂದವನನ್ನು ಮನೆಯಿಂದ ದೂರದ ಸ್ಯಾನಿಟೋರಿಯಮ್ಮಿನಲ್ಲಿ ಇಡಬೇಕೆಂಬ ನಂಬಿಕೆ ಇತ್ತು. ಬಡವನಿಗೆ ಅಲ್ಲಿ ಹಾಸಿಗೆ ಎಲ್ಲಿ ಸಿಗಬೇಕು? 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ಆರಂಭವಾಯಿತು. 193 ರೋಗಿಗಳು. ಕೆಲವರು ಸ್ಯಾನಿಟೋರಿಯಮ್ಮಿನಲ್ಲಿ ಒಳ್ಳೆಯ ಊಟ, ವಿಶ್ರಾಂತಿಯೊಂದಿಗೆ ಔಷಧ ತೆಗೆದುಕೊಂಡರು. ಕೆಲವರು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ ಇದ್ದು ಅದೇ ಔಷಧ ತೆಗೆದುಕೊಂಡರು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತು ಬೆರಗಾಯಿತು. ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇಂದು ನಮ್ಮ ಹಳ್ಳಿಯ ಕ್ಷಯರೋಗಿ ತನ್ನ ಮನೆಯಲ್ಲಿದ್ದು, ತನ್ನ ಮಕ್ಕಳ ಮುಖ ನೋಡುತ್ತ ಗುಳಿಗೆ ನುಂಗಿ ಗುಣವಾಗುತ್ತಾನೆ. ಅವನು ಆ 193 ಜನರ ಋಣದಲ್ಲಿದ್ದಾನೆ. ಅವರ ಹೆಸರು ನಮಗಾರಿಗೂ ಗೊತ್ತಿಲ್ಲ.

ಇನ್ನೂ ಹತ್ತಿರದ ಮಾತು ಬೆಳಗಾವಿಯದು. ಅಲ್ಲಿಯ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹೊರದೇಶದ ವೈದ್ಯರ ಜೊತೆಗೂಡಿ 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯಾದ ಕೂಡಲೇ ರಕ್ತ ಹರಿದು ತಾಯಿ ಸಾಯುವುದನ್ನು ನಮ್ಮ ಹಿರಿಯರು ಎಷ್ಟು ಕಂಡಿಲ್ಲ! ಅದನ್ನು ತಡೆಯುವ ಸೂಜಿಮದ್ದನ್ನು ತಂಪಿನಲ್ಲಿಡಬೇಕು, ಹಳ್ಳಿಯಲ್ಲಿ ಅದು ಆಗದ ಮಾತು. ಆದುದರಿಂದ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಹಳ್ಳಿಯ ನರ್ಸಮ್ಮನವರ ಕೈಯಿಂದಲೇ ಕೊಡಿಸಿ ನೋಡಿದರು. 1620 ತಾಯಂದಿರು ಇದರಲ್ಲಿದ್ದರು. 812 ಮಂದಿಗೆ ಔಷಧದ ಗುಳಿಗೆ, 808 ಮಂದಿಗೆ ಔಷಧವಿಲ್ಲದ ಗುಳಿಗೆ. ಔಷಧವಿಲ್ಲದವರಲ್ಲಿ ನೂರಕ್ಕೆ 12 ಜನರಿಗೆ ಅತಿ ರಕ್ತಸ್ರಾವವಾಯಿತು. ಔಷಧ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

‘ಹಾಗಾದರೆ ಆ 808 ತಾಯಂದಿರ ಗತಿಯೇನು? ಅವರಿಗೆ ಬರೀ ಗುಳಿಗೆ ಕೊಟ್ಟದ್ದು ಮೋಸವಲ್ಲವೇ?’ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ನಮಗೆ ತೋಚಿದ್ದು ಇಷ್ಟು. ಗುಣ ಇದೆಯೆಂದು ಖಚಿತವಾಗಿ ತಿಳಿದಿರುವ, ಕೈಗೆಟಕುವ ಔಷಧವನ್ನು ಮುಚ್ಚಿಟ್ಟು ಬರೀ ಗುಳಿಗೆ ಕೊಟ್ಟರೆ ಅದು ಪಾಪ. ಹಳ್ಳಿಯ ಹೆರಿಗೆಯಲ್ಲಿ ಈ ಗುಳಿಗೆ ಎಷ್ಟು ಕೆಲಸ ಮಾಡುತ್ತದೆಂದು ಆಗ ಖಚಿತವಿರಲಿಲ್ಲ. ಆ ಹಳ್ಳಿಗಳಲ್ಲಿ ಕೊಡಲು ಬೇರೆ ಔಷಧವೂ ಇರಲಿಲ್ಲ. ‘ನಿನಗೆ ಔಷಧ ಸಿಗಬಹುದು, ಸಿಗದೆಯೂ ಇರಬಹುದು’ ಎಂದು ಮೊದಲೇ ಹೇಳಿ, ಆಕೆ ಒಪ್ಪಿದ ಮೇಲೆ ಕೊಟ್ಟರೆ ಅದರಲ್ಲಿ ಮೋಸವಿಲ್ಲ. ಮೋಸ ಹುಟ್ಟುವುದು ಹೇಳದೆ ಇದ್ದಾಗ.

ಹೇಳದೆ ಇದ್ದರೆ ಏನಾಗುತ್ತದೆಂಬುದಕ್ಕೂ ನಮ್ಮ ಪಕ್ಕದಲ್ಲೇ ನಿದರ್ಶನವಿದೆ. 2009ರಲ್ಲಿ, ಆಗ ಅಖಂಡ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ, 10ರಿಂದ 14 ವಯಸ್ಸಿನ ಸುಮಾರು 14,000 ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕುವ ಯೋಜನೆ ನಡೆಯಿತು. ಗುಜರಾತಿನ ವಡೋದರಾದಲ್ಲೂ ಇದೇ ಯೋಜನೆ ನಡೆಯಿತು. ಅವರಲ್ಲಿ ಅನೇಕರು ಆದಿವಾಸಿ ಹಾಸ್ಟೆಲುಗಳ ಮಕ್ಕಳು. ಎರಡೂ ರಾಜ್ಯ ಸೇರಿ ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂದು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸರಕಾರದ ವಿಚಾರಣಾ ಸಮಿತಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಅದೇ ರೋಗದ ಲಸಿಕೆಯನ್ನು ಇಂದು ಎಷ್ಟೋ ದೇಶಗಳು ತಮ್ಮ ಹೆಣ್ಣುಮಕ್ಕಳಿಗೆ ಕೊಡುತ್ತಿವೆ. ನಾವು ಲಸಿಕೆಯನ್ನು ದೂರುವುದಿಲ್ಲ, ನೀವೂ ದೂರಬೇಡಿ.

ಆದರೆ ಒಪ್ಪಿಗೆಯ ಕಾಗದಗಳನ್ನು ತೆಗೆದು ನೋಡಿದಾಗ ಬೇರೆಯೇ ಕಥೆ ಹೊರಬಿತ್ತು. 9,543 ಕಾಗದಗಳಲ್ಲಿ 2,763ಕ್ಕೆ ಹಾಸ್ಟೆಲಿನ ವಾರ್ಡನ್‌ಗಳೇ ಸಹಿ ಮಾಡಿದ್ದರು. 1,948 ಕಾಗದಗಳ ಮೇಲೆ ಹೆಬ್ಬೆಟ್ಟು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಬಲವಾಗಿ ಖಂಡಿಸಿತು. ಆ ವಾರ್ಡನ್‌ಗಳು ದುಷ್ಟರೆಂದು ನಾವು ಹೇಳಲಾರೆವು. ಮಕ್ಕಳಿಗೆ ಒಳ್ಳೆಯದಾಗಲೆಂದೇ ಮಾಡಿರಬಹುದು. ಆದರೆ ಆ ಮಕ್ಕಳ ತಾಯಿತಂದೆಗಳು ಬದುಕಿದ್ದರು, ಯಾವುದೋ ಹಳ್ಳಿಯಲ್ಲಿ ಕೂಲಿ ಮಾಡುತ್ತಿದ್ದರು. ಅವರನ್ನು ಕೇಳುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ.

ದಾಸೋಹದ ಮಾತು ಬಲ್ಲ ನಮಗೆ ಇದರ ತಪ್ಪು ಎಲ್ಲಿದೆಯೆಂಬುದು ಬೇಗ ತಿಳಿಯಬೇಕು. ದಾಸೋಹ ಮಾಡುವವನು ತನ್ನ ಕಾಯಕದಿಂದ ಬಂದ ಜೋಳವನ್ನು ತನ್ನ ಕಣಜದಿಂದ ತೆಗೆದು, ತಿಳಿದು, ಮನಸಾರೆ ಕೊಡುತ್ತಾನೆ. ನೆರೆಯವನ ಕಣಜದ ಬಾಗಿಲು ತೆರೆದು ಊರಿಗೆಲ್ಲ ಊಟ ಹಾಕಿದರೆ ಉಂಡವರು ಹರಸಬಹುದು. ಆದರೆ ಅದು ದಾಸೋಹವಲ್ಲ. ನಾಳಿನ ರೋಗಿಗಾಗಿ ಇಂದಿನ ರೋಗಿ ತನ್ನ ದೇಹವನ್ನು ಪರೀಕ್ಷೆಗೆ ಒಡ್ಡಿದರೆ ಅದು ದೊಡ್ಡ ದಾಸೋಹವೇ ಸರಿ. ಹಾಗೆ ಒಡ್ಡುವ ಅಧಿಕಾರ ಗಂಡನಿಗಿಲ್ಲ, ಹೆಡ್‌ಮಾಸ್ತರರಿಗಿಲ್ಲ, ಡಾಕ್ಟರಿಗಿಲ್ಲ. ಮಠಕ್ಕೂ ಇಲ್ಲ. ಅಂದು ಸಂಜೆ ನಾವು ‘ಬೇಡ’ ಎಂದಿದ್ದರೂ ‘ಹೂಂ’ ಎಂದಿದ್ದರೂ ಆ ಭಕ್ತರು ಓದದೆ, ಕೇಳದೆ ಹಾಗೆಯೇ ಮಾಡುತ್ತಿದ್ದರು. ಆಗ ನಮಗೂ ಆ ವಾರ್ಡನ್‌ಗಳಿಗೂ ಏನು ವ್ಯತ್ಯಾಸ ಉಳಿಯುತ್ತಿತ್ತು?

ಇನ್ನು ಹಣದ ಮಾತು. ರೋಗವಿಲ್ಲದ ಜನರೂ ಹಣಕ್ಕಾಗಿ ಇಂಥ ಪರೀಕ್ಷೆಗಳಿಗೆ ಹೋಗುವುದುಂಟು. 2011ರಲ್ಲಿ ಗುಂಟೂರು ಜಿಲ್ಲೆಯ ಪಿಡುಗುರಾಳ್ಳದ ಬಡ ಹೆಂಗಸರು ಹೈದರಾಬಾದಿಗೆ ಹೋಗಿ ಹಣಕ್ಕಾಗಿ ಪರೀಕ್ಷೆಯ ಔಷಧ ತೆಗೆದುಕೊಂಡು, ಊರಿಗೆ ಬಂದು ನೋವಿನಿಂದ ನರಳಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅವರನ್ನು ದೂರುವ ಬಾಯಿ ನಮಗಿಲ್ಲ. ಸಾಲದ ಕಂತಿಗೆ, ಮಗಳ ಮದುವೆಗೆ ದಾರಿ ಕಾಣದವಳು ‘ಹೂಂ’ ಎಂದರೆ ಆ ‘ಹೂಂ’ ಆಕೆಯದೋ, ಆಕೆಯ ಬಡತನದ್ದೋ? ಬಡವರು ಮಾತ್ರ ದೇಹ ಒಡ್ಡಿ, ಉಳ್ಳವರು ಮಾತ್ರ ಗುಳಿಗೆ ನುಂಗುವುದಾದರೆ ಅದು ಧರ್ಮದ ವ್ಯವಸ್ಥೆಯಲ್ಲ. ಉಳ್ಳವರೂ ಓದಿದವರೂ ತಮ್ಮ ಪಾಲು ಹೊರಬೇಕು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಹೈದರಾಬಾದಿನಲ್ಲಿ ತಯಾರಾದ ಕೊವ್ಯಾಕ್ಸಿನ್ ಲಸಿಕೆಯ ಪರೀಕ್ಷೆಗೆ ಹೈದರಾಬಾದ್, ಬೆಳಗಾವಿ ಮುಂತಾದ ಕಡೆ ಸಾವಿರಾರು ಜನ ಸೇರಿದ್ದರು. ಮೂರನೆಯ ಹಂತದಲ್ಲೇ 25,800 ಜನ. ಆ ಲಸಿಕೆ ಪಡೆದ ನಮ್ಮಲ್ಲಿ ಎಷ್ಟು ಜನ ಅವರನ್ನು ನೆನೆದಿದ್ದೇವೆ?

ಕಾನೂನು ಏನು ಹೇಳುತ್ತದೆಂಬುದನ್ನೂ ತಿಳಿದಿರಿ. 2019ರ ಹೊಸ ಔಷಧ ಮತ್ತು ಔಷಧ ಪರೀಕ್ಷಾ ನಿಯಮಗಳಂತೆ, ಎಲ್ಲವನ್ನೂ ರೋಗಿಗೆ ತಿಳಿಯುವ ಸರಳ ಭಾಷೆಯಲ್ಲಿ ಹೇಳಬೇಕು. ಓದು ಬಾರದವರಿಗೆ ವಿವರಿಸುವಾಗ ಮೊದಲಿನಿಂದ ಕೊನೆಯವರೆಗೆ ಪಕ್ಷಪಾತವಿಲ್ಲದ ಸಾಕ್ಷಿ ಕೂತಿರಬೇಕು. ಸಹಿಯಾದ ಕಾಗದದ ಒಂದು ಪ್ರತಿ ರೋಗಿಯ ಕೈಗೆ ಬರಬೇಕು. ಯಾವಾಗ ಬೇಕಾದರೂ, ಕಾರಣ ಹೇಳದೆ, ಹೊರಗೆ ಬರಬಹುದು. ಬಂದರೆ ಮಾಮೂಲು ಚಿಕಿತ್ಸೆ ತಪ್ಪಿಸುವಂತಿಲ್ಲ. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ರೋಗಿಗಳನ್ನು ಸೇರಿಸಿಕೊಳ್ಳುವ ಮುಂಚೆಯೇ ಪರೀಕ್ಷೆಯನ್ನು ಸರಕಾರದ ದಾಖಲೆಯಲ್ಲಿ ನೋಂದಾಯಿಸಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ಪರೀಕ್ಷೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕಡಿಮೆಯೆಂದರೆ ಏಳು ಜನರಿರಬೇಕು. ಅದರಲ್ಲಿ ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು, ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಸಮಾಜ ವಿಜ್ಞಾನಿ, ತತ್ವಜ್ಞಾನಿ, ಧರ್ಮಶಾಸ್ತ್ರ ಬಲ್ಲವರು, ಇಂಥವರಲ್ಲಿ ಒಬ್ಬರಿಗೂ ಅಲ್ಲಿ ಸ್ಥಾನವಿದೆ. ನಮ್ಮ ಓದಿದ ಭಕ್ತರು ಕರೆ ಬಂದರೆ ಅಂಥ ಜಾಗಕ್ಕೆ ಹೋಗಬೇಕು.

ಭಾಷೆಯ ಮಾತನ್ನು ಒತ್ತಿ ಹೇಳುತ್ತೇವೆ. 1956ರಲ್ಲಿ ಗಡಿ ಸರಿದು ಬೀದರ, ಕಲಬುರ್ಗಿ ಜಿಲ್ಲೆಗಳಲ್ಲಿದ್ದ ನಮ್ಮ ಊರುಗಳು ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಗಂಜಿನಲ್ಲಿ ನಾವು ತೆಲುಗು ಆಡುತ್ತೇವೆ, ಉರ್ದು ಆಡುತ್ತೇವೆ, ಅದರಿಂದ ಬೇಸರವಿಲ್ಲ. ತೊಗರಿಯ ದರ ಕೇಳುವಷ್ಟು ಭಾಷೆ ಒಂದು. ಜೀವದ ಅಪಾಯ ತೂಗುವಷ್ಟು ಭಾಷೆ ಇನ್ನೊಂದು. ದನದ ಸಂತೆಯಲ್ಲಿ ವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವಾಗಲೂ ಯಾವ ಬೆರಳಿಗೆ ಎಷ್ಟು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಒಬ್ಬನಿಗೇ ಗೊತ್ತಿದ್ದರೆ ಅದು ವ್ಯಾಪಾರವಲ್ಲ. ಆದುದರಿಂದ ‘ಕನ್ನಡದಲ್ಲಿ ಹೇಳಿಸಿರಿ’ ಎಂದು ಕೇಳಲು ನಾಚಬೇಡಿ.

ಕೇಳಬೇಕಾದದ್ದು ಇಷ್ಟೇ: ಇದು ಚಿಕಿತ್ಸೆಯೋ ಪರೀಕ್ಷೆಯೋ? ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ಇದುವರೆಗೆ ಯಾವ ಯಾವ ತೊಂದರೆ ಕಂಡಿದೆ? ಹಾನಿಯಾದರೆ ಯಾರನ್ನು ಹಿಡಿಯಬೇಕು? ಪರೀಕ್ಷೆ ಮುಗಿದ ಮೇಲೆ ಔಷಧ ಮುಂದುವರಿಯುತ್ತದೆಯೇ?

ಆ ದಂಪತಿಗಳು ಮರುವಾರ ಆಸ್ಪತ್ರೆಗೆ ಹೋಗಿ ಕನ್ನಡದಲ್ಲಿ ಹೇಳಿಸಬೇಕೆಂದು ಕೇಳಿಕೊಂಡರು. ಅಲ್ಲಿ ಬೀದರ ಕಡೆಯ ನರ್ಸೊಬ್ಬರಿದ್ದರು. ಅವರು ಡಾಕ್ಟರ ಎದುರಿಗೇ ಒಂದು ತಾಸು ಕೂತು ಪುಟಪುಟವನ್ನೂ ತಿಳಿಸಿದರಂತೆ. ಮನೆಯಲ್ಲಿ ನಾಲ್ಕು ಜನರ ಮುಂದೆ ಮಾತಾಡದ ಆ ತಾಯಿ ಅಂದು ಒಂದೊಂದಾಗಿ ಪ್ರಶ್ನೆ ಕೇಳಿದಳು. “ನನಗ ಬರೀ ಗುಳಿಗಿ ಬಂದ್ರ ನನ್ನ ರೋಗ ಏನಾಗ್ತದ?” ಎಂದು ಆಕೆ ಕೇಳಿದಾಗ ಡಾಕ್ಟರು ನಿಂತು ಉತ್ತರ ಹೇಳಿದರೆಂದು ಆಕೆಯ ಗಂಡ ನಮಗೆ ತಿಳಿಸಿದರು. ಆ ಪರೀಕ್ಷೆಯಲ್ಲಿ ಬರೀ ಗುಳಿಗೆ ಇರಲಿಲ್ಲ. ಹಳೆಯ ಔಷಧ ಎಲ್ಲರಿಗೂ ಉಂಟು, ಹೊಸದು ಅರ್ಧ ಜನರಿಗೆ ಹೆಚ್ಚಿಗೆ ಎಂಬುದು ಆಗ ತಿಳಿಯಿತು.

ಆ ತಾಯಿ ಕೊನೆಗೆ ಏನು ನಿಶ್ಚಯ ಮಾಡಿದಳೆಂದು ನಾವು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲಿ ಕೆಲವರು ಅದನ್ನೇ ಮಠದ ಅಪ್ಪಣೆಯೆಂದು ತಿಳಿಯುತ್ತೀರಿ. ಮಠದ ಅಪ್ಪಣೆ ಒಂದೇ: ಕೇಳಿರಿ, ತಿಳಿಯಿರಿ, ಯಾರ ದೇಹವೋ ಅವರ ಬಾಯಿಂದ ‘ಹೂಂ’ ಅಥವಾ ‘ಊಹೂಂ’ ಬರಲಿ. ಮನೆಯ ಹೆಣ್ಣುಮಕ್ಕಳ ಕಾಗದಕ್ಕೆ ಸಹಿ ಮಾಡುವ ಮುಂಚೆ ಅವರನ್ನು ಕೂಡಿಸಿಕೊಂಡು ಕೇಳಿರಿ.