ಬ್ಯಾಟ್ ಬೀಸಬೇಡ ಮಗಳೇ

ಕಳೆದ ವರ್ಷ ಮೇ ತಿಂಗಳಲ್ಲಿ ನನ್ನ ಒಂಬತ್ತು ವರ್ಷದ ಮಗಳು ಒಂದು ಸಲವೂ ಬ್ಯಾಟ್ ಬೀಸದೆ ತನ್ನ ಸಾಫ್ಟ್‌ಬಾಲ್ ಟೀಮನ್ನು ಗೆಲ್ಲಿಸಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆ ಚಪ್ಪಾಳೆ ಇನ್ನೂ ನನ್ನನ್ನು ಕಾಡ್ತಾ ಇದೆ.

ನಾವಿರೋದು ಡಲ್ಲಾಸ್ ಹತ್ತಿರ. ನಮ್ಮೂರ ಕಡೆ ಹೆಣ್ಣುಮಕ್ಕಳಿಗೆ ಖೋಖೋ ಹೇಗೋ, ಇಲ್ಲಿ ಸಾಫ್ಟ್‌ಬಾಲ್ ಹಾಗೆ. ಹತ್ತು ವರ್ಷದೊಳಗಿನವರ ಆಟದಲ್ಲಿ ಚೆಂಡಿನ ಸುತ್ತಳತೆ 11 ಇಂಚು, ಪಿಚರ್ ಎಸೆಯೋದು 35 ಅಡಿ ದೂರದಿಂದ. ಕ್ರಿಕೆಟ್ ಪಿಚ್ 66 ಅಡಿ ಅಂತ ನೆನಪಿಸಿಕೊಂಡರೆ ಇದೆಷ್ಟು ಹತ್ತಿರ ಅಂತ ಗೊತ್ತಾಗುತ್ತೆ. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರದಿಂದ ಚೆಂಡು ಬಿಡಬೇಕು. ಈ ವಯಸ್ಸಿಗೆ ಅದು ಕಷ್ಟ. ಚೆಂಡು ಒಮ್ಮೆ ತಲೆ ಮೇಲೆ, ಒಮ್ಮೆ ಕಾಲ ಬುಡಕ್ಕೆ. ಬ್ಯಾಟರ್ ಬೀಸದೆ ಬಿಟ್ಟ ಇಂಥ ನಾಲ್ಕು ಕೆಟ್ಟ ಚೆಂಡುಗಳಾದರೆ ಅವಳಿಗೆ ಮೊದಲ ಬೇಸ್ ಪುಕ್ಕಟೆ.

ನಮ್ಮ ಕೋಚ್ ಇದರ ಲೆಕ್ಕ ಹಾಕಿದ್ದರು. ಚೆನ್ನಾಗಿ ಹೊಡೆಯೋ ಮೂವರನ್ನು ಬಿಟ್ಟು ಉಳಿದವರಿಗೆಲ್ಲ ಒಂದೇ ಸೂಚನೆ: ಬೀಸಬೇಡಿ, ಸುಮ್ಮನೆ ನಿಂತಿರಿ. ಪ್ರಾಕ್ಟೀಸಲ್ಲೂ ಅಷ್ಟೇ. ಬೇರೆ ಟೀಮಿನ ಮಕ್ಕಳು ಹೊಡೆಯೋದು ಕಲೀತಿದ್ದರೆ ನಮ್ಮವರು ಬ್ಯಾಟ್ ಹೆಗಲಿಗಿಟ್ಟು ನಿಲ್ಲೋದು, ಬಗ್ಗಿ ಚಿಕ್ಕವರಾಗಿ ಕಾಣೋದು ಕಲೀತಿದ್ದರು. ಕೋಚ್ ಕೆಟ್ಟ ಮನುಷ್ಯ ಅಲ್ಲ. ಆಫೀಸ್ ಮುಗಿಸಿ ಬಂದು ಬಿಡಿಗಾಸು ತೆಗೆದುಕೊಳ್ಳದೆ ಕಲಿಸುತ್ತಿದ್ದರು, ಮೈದಾನದ ಸುಣ್ಣದ ಗೆರೆಯನ್ನೂ ತಾವೇ ಎಳೆಯುತ್ತಿದ್ದರು. ಅವರ ತಂತ್ರ ಫಲಿಸಿತು ಕೂಡ. ನಾವು ಗೆಲ್ಲುತ್ತಾ ಹೋದೆವು. ಕೆಟ್ಟ ಚೆಂಡು ಬಿಟ್ಟರೆ ಇಲ್ಲಿ ಅಪ್ಪ ಅಮ್ಮಂದಿರು "ಗುಡ್ ಐ!" ಅಂತ ಕೂಗ್ತಾರೆ. ನಾನೂ ಗಂಟಲು ಹರಿಯೋ ಹಾಗೆ ಕೂಗಿದ್ದೇನೆ.

ಕೊನೇ ಪಂದ್ಯ, ಸ್ಕೋರ್ ಸಮ. ಕೊನೇ ಇನ್ನಿಂಗ್ಸ್, ಮೂರೂ ಬೇಸ್ ತುಂಬಿವೆ. ಮಗಳು ಬ್ಯಾಟ್ ಹಿಡಿದು ನನ್ನ ಕಡೆ ತಿರುಗಿದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು. "ಕೋಚ್ ಹೇಳಿದ್ದು ಕೇಳು" ಅಂದೆ. ನಾಲ್ಕು ಚೆಂಡು, ನಾಲ್ಕೂ ಹೊರಗೆ. ಇವಳು ಮೊದಲ ಬೇಸಿಗೆ ನಡೆದಳು, ಮೂರನೇ ಬೇಸಿನವಳು ಮನೆಗೆ ಬಂದಳು, ನಾವು ಗೆದ್ದೆವು. ಪಿಚರ್ ಹುಡುಗಿ ಅಲ್ಲೇ ಮೈದಾನದ ಮಧ್ಯೆ ಗ್ಲೌಸಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾ ನಿಂತಿದ್ದಳು.

ಕಾರಲ್ಲಿ ಮಗಳು ಕೇಳಿದಳು: "ಅಪ್ಪಾ, ನಾನೇನೂ ಮಾಡ್ಲೇ ಇಲ್ವಲ್ಲ. ಎಲ್ರೂ ಯಾಕೆ ಚಪ್ಪಾಳೆ ಹೊಡೆದ್ರು?"

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಒಂದು ಹಳೇ ನೆನಪು. ಹೈಸ್ಕೂಲಲ್ಲಿದ್ದಾಗ ತಿಪಟೂರು ಕಡೆ ತಾಲ್ಲೂಕು ಮಟ್ಟದ ಕಬಡ್ಡಿ. ನಾನು ಸಣಕಲ. ನಮ್ಮ ಪಿ.ಟಿ. ಮೇಷ್ಟ್ರು ಕರೆದು ಹೇಳಿದ್ದರು: "ನೀನು ಗೆರೆ ದಾಟಿ ವಾಪಸ್ ಬಾರೋ. ಯಾರನ್ನೂ ಮುಟ್ಟೋಕೆ ಹೋಗ್ಬೇಡ." ಹಾಗೇ ಮಾಡಿದೆ. ಗೆದ್ದೆವು. ಸರ್ಟಿಫಿಕೇಟ್ ಇವತ್ತಿಗೂ ಟ್ರಂಕಿನಲ್ಲಿದೆ. ಆದರೆ ಆ ದಿನ ನಾನು ಕಬಡ್ಡಿ ಆಡಿದೆ ಅಂತ ಇವತ್ತಿಗೂ ಅನ್ನಿಸಲ್ಲ.

ಇದಕ್ಕೆ ನೀವು ತಕರಾರು ತೆಗೀಬಹುದು. ಚೆಂಡು ಬಿಡೋದೂ ಒಂದು ವಿದ್ಯೆ ಅಲ್ವಾ? ನಮ್ಮ ದ್ರಾವಿಡ್ ಎಷ್ಟು ಚೆಂಡು ಬಿಟ್ಟಿಲ್ಲ? ನಿಜ. ಆದರೆ ದ್ರಾವಿಡ್ ಬಿಡುತ್ತಿದ್ದದ್ದು ಚೆಂಡನ್ನು ನೋಡಿ. ನನ್ನ ಮಗಳು ಚೆಂಡು ಬರೋ ಮೊದಲೇ ಬಿಟ್ಟಾಗಿತ್ತು. ಒಂದು ತೀರ್ಮಾನ, ಇನ್ನೊಂದು ಬರೀ ವಿಧೇಯತೆ. ಸ್ಕೋರ್‌ಬೋರ್ಡ್‌ಗೆ ಎರಡೂ ಒಂದೇ ಥರ ಕಾಣುತ್ತೆ. ಕೋಡ್ ಕವರೇಜ್ ಶೇಕಡ 80 ಇರಬೇಕು ಅಂದಾಗ ಏನನ್ನೂ ಪರೀಕ್ಷಿಸದ ಟೆಸ್ಟ್ ಬರೆದು ಬಿಸಾಕ್ತೀವಲ್ಲ, ಹಾಗೆ. ಡ್ಯಾಶ್‌ಬೋರ್ಡ್ ಹಸಿರು, ಒಳಗೆ ಏನೂ ಇಲ್ಲ.

ಇನ್ನೊಂದು ಮಾತು: ಇದು ನಿಯಮದೊಳಗೇ ಇದೆ. ಹೌದು, ಒಪ್ಪುತ್ತೇನೆ. ಆದರೆ ದೊಡ್ಡವರ ಆಟದಲ್ಲಿ ಎದುರಾಳಿಯ ದೌರ್ಬಲ್ಯ ಹುಡುಕೋದು ಬೇರೆ. ಇಲ್ಲಿ ದೌರ್ಬಲ್ಯ ಅಂದರೆ ಆ ಮಗುವಿನ ವಯಸ್ಸು. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬೇಡಿ ಅಂತ ಕಾಂಟ್ 1785ರಲ್ಲೇ ಬರೆದ. ನಾವು ಒಂದೇ ಪಂದ್ಯದಲ್ಲಿ ಇಬ್ಬರನ್ನು ಬಳಸಿಕೊಂಡಿದ್ದೆವು, ಎಸೆದವಳನ್ನೂ, ನಿಂತವಳನ್ನೂ. ಕೆಲವು ಲೀಗುಗಳಲ್ಲಿ ನಾಲ್ಕು ಕೆಟ್ಟ ಚೆಂಡಾದ ಮೇಲೆ ಬ್ಯಾಟರ್‌ನ ಕೋಚೇ ಬಂದು ಅವಳಿಗೆ ಚೆಂಡು ಎಸೀತಾರೆ. ಅಂದರೆ ಈ ಪ್ರಶ್ನೆ ನನಗೊಬ್ಬನಿಗೇ ಬಂದಿದ್ದಲ್ಲ.

ಸೆಪ್ಟೆಂಬರ್‌ನಲ್ಲಿ ಬೇರೆ ಟೀಮು, ಬೇರೆ ಕೋಚ್. ಈಕೆಯ ವಿಧಾನಗಳು ಇನ್ನೂ ವಿಚಿತ್ರ. ಬ್ಯಾಟ್ ಬದಲು ಪೊರಕೆ ಕೋಲು ಕೊಟ್ಟು ತೂತಿನ ಪ್ಲಾಸ್ಟಿಕ್ ಚೆಂಡು ಹೊಡೆಸ್ತಾರೆ. ಗ್ಲೌಸ್ ಬಿಚ್ಚಿಸಿ ಬರಿಗೈಲಿ ಟೆನ್ನಿಸ್ ಬಾಲ್ ಹಿಡಿಸ್ತಾರೆ. ಪ್ರಾಕ್ಟೀಸ್ ಪಂದ್ಯದಲ್ಲಿ ಬೀಸಿ ತಪ್ಪಿದರೂ ಒಂದು ಪಾಯಿಂಟ್. ಮೊದಲ ದಿನ ಅಪ್ಪ ಅಮ್ಮಂದಿರೆಲ್ಲ ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಊರು ನೆನಪಾಯ್ತು. ತೆಂಗಿನ ಮಟ್ಟೆ ಕೆತ್ತಿ ಬ್ಯಾಟ್ ಮಾಡಿಕೊಂಡವರು ನಾವು. ಬೌರಾಲ್‌ನಲ್ಲಿ ಬ್ರ್ಯಾಡ್ಮನ್ ಹುಡುಗನಾಗಿದ್ದಾಗ ಗಾಲ್ಫ್ ಚೆಂಡನ್ನು ನೀರಿನ ತೊಟ್ಟಿಯ ಕಟ್ಟೆಗೆ ಎಸೆದು ಸ್ಟಂಪಿನಿಂದ ಹೊಡೆಯುತ್ತಿದ್ದರಂತೆ. ತೆಳು ಕೋಲು ಹಿಡಿದವರು ಚೆಂಡನ್ನು ಕೊನೇವರೆಗೂ ನೋಡಲೇಬೇಕು, ಅದೇ ಅದರ ಗುಟ್ಟು.

ಹಾಗಾಗಿ ವಿಚಿತ್ರ ತಂತ್ರಗಳ ಮೇಲೆ ನನಗೆ ದ್ವೇಷ ಇಲ್ಲ. ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಸೀಸನ್ ಮುಗಿದು ಕಪ್ಪು ಕೋಚ್ ಮನೆಗೆ ಹೋದ ಮೇಲೆ ಮಗುವಿನ ಕೈಯಲ್ಲಿ ಏನು ಉಳಿಯುತ್ತೆ?

ಆ ಸೀಸನ್ ನಾವು ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಮಗಳು ಬೀಸಿ ಬೀಸಿ ಔಟಾದಳು. ಅಕ್ಟೋಬರ್‌ನ ಒಂದು ಸಂಜೆ ಒಂದು ಚೆಂಡು ಬ್ಯಾಟಿಗೆ ಸಿಕ್ಕಿತು, ಗೆರೆಯಿಂದಾಚೆ ಫೌಲ್ ಹೋಯಿತು. ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ. ಆದರೆ ಅವಳು ನನ್ನ ಕಡೆ ತಿರುಗಿ, ಕೈ ಜುಮ್ ಅಂತಿದೆ ಅಂತ ತೋರಿಸಿ ನಕ್ಕಳು. ನಾನು ಚಪ್ಪಾಳೆ ಹೊಡೆದೆ. ಯಾಕೆ ಅಂತ ಅವಳು ಕೇಳಲಿಲ್ಲ.