ಒಂದು ಮಿಲಿಮೀಟರಿನ ಸತ್ಯ

ಕೆರೆಯಂಚಿನ ಜೊಂಡಿನ ಮೇಲೆ ಕೂರುವ ಡ್ಯಾಮ್ಸೆಲ್‌ಫ್ಲೈ, ಅಂದರೆ ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಕೀಟದ ತೆಳುಮೈಯ ಬಂಧು, ಛಾಯಾಗ್ರಾಹಕನ ಮುಂದೆ ಹಳೆಯದೊಂದು ತಾತ್ತ್ವಿಕ ಪ್ರಶ್ನೆಯನ್ನು ಒಡ್ಡುತ್ತದೆ: ವಸ್ತುವೊಂದನ್ನು ಇಡಿಯಾಗಿ ಕಾಣಲು ಸಾಧ್ಯವೇ, ಸಾಧ್ಯವಾದರೆ ಅದಕ್ಕೆ ಬೆಲೆ ತೆರುವವರು ಯಾರು? ಮ್ಯಾಕ್ರೋ ಛಾಯಾಗ್ರಹಣದಲ್ಲಿ, ಎಂದರೆ ಕೀಟದ ಬಿಂಬವು ಕ್ಯಾಮೆರಾದ ಸಂವೇದಕದ ಮೇಲೆ ನಿಜಗಾತ್ರದಲ್ಲಿ ಮೂಡುವಷ್ಟು ಸಮೀಪದಿಂದ ಚಿತ್ರ ತೆಗೆಯುವಾಗ, ಸ್ಫುಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ತಲೆಯ ಎರಡು ಬದಿಗೆ ದೂರ ದೂರ ನಿಂತ ಕಣ್ಣುಗಳಲ್ಲಿ ಒಂದು ಸ್ಪಷ್ಟವಾದರೆ ಇನ್ನೊಂದು ಮಸುಕಾಗುತ್ತದೆ, ಬಾಲದ ತುದಿಯಂತೂ ಬರೀ ಬಣ್ಣವಾಗಿ ಉಳಿಯುತ್ತದೆ.

ವಸ್ತುವಿಗೆ ಅನಂತ ಧರ್ಮಗಳಿವೆಯೆನ್ನುವ ಜೈನ ತರ್ಕವು ಒಂದು ನಿಲುವಿನಿಂದ ದೊರೆಯುವ ಆಂಶಿಕ ಜ್ಞಾನವನ್ನು ನಯವೆಂದೂ, ತಾನೇ ಪೂರ್ಣವೆಂದು ಹಟ ಹಿಡಿದ ನಯವನ್ನು ದುರ್ನಯವೆಂದೂ ಕರೆಯುತ್ತದೆ. ಬಾಲ ಮಸುಕಾದ ಚಿತ್ರ ತನ್ನ ಮಿತಿಯನ್ನು ತಾನೇ ತೋರಿಸಿಕೊಳ್ಳುವುದರಿಂದ ಅದು ನಯ. ಫೋಕಸ್ ಸ್ಟ್ಯಾಕಿಂಗ್ ಎಂಬ ತಂತ್ರವಾದರೋ, ಫೋಕಸನ್ನು ತುಸುತುಸುವೇ ಸರಿಸುತ್ತ ತೆಗೆದ ಹತ್ತಾರು ಚಿತ್ರಗಳ ಸ್ಫುಟ ಭಾಗಗಳನ್ನು ಬೆಸೆದು, ಯಾವ ಕಣ್ಣೂ ಒಂದೇ ನೋಟದಲ್ಲಿ ಕಾಣದ ಕೀಟವನ್ನು ಕೊಡುತ್ತದೆ. ನಯಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಎಲ್ಲವನ್ನೂ ಇಡಿಯಾಗಿ ಅರಿಯುವ ಕೇವಲಜ್ಞಾನ ಬಾರದು. ಆದರೂ ಬೆಸೆದದ್ದೆಂದು ಹೇಳಿ ತೋರಿಸಿದ ಚಿತ್ರದಲ್ಲಿ ಸುಳ್ಳೇನಿಲ್ಲ.

ತೊಡಕಿರುವುದು ಬೇರೆಡೆ. ಬೆಸೆಯುವುದಕ್ಕೆ ಕೀಟ ಅಲುಗದಿರಬೇಕು; ಅದಕ್ಕಾಗಿ ಹುಳುವನ್ನು ಹಿಡಿದು ಫ್ರಿಜ್ಜಿನಲ್ಲಿ ಮರಗಟ್ಟಿಸುವವರಿದ್ದಾರೆ, ಕೊಂದು ಕೂರಿಸುವವರೂ ಇದ್ದಾರೆ. ಜೈನ ಆಚಾರ್ಯ ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ದುಂಬಿಯಂಥ ಜೀವಿಗಳನ್ನು ಸ್ಪರ್ಶ, ರುಚಿ, ವಾಸನೆ, ದೃಷ್ಟಿಗಳುಳ್ಳ ಚತುರಿಂದ್ರಿಯ ಜೀವಿಗಳ ಸಾಲಿಗೆ ಸೇರಿಸುತ್ತದೆ. ಈ ನಾಲ್ಕಕ್ಕೆ ಕಾಯಬಲ, ವಚನಬಲ, ಆಯುಸ್ಸು, ಉಸಿರು ಕೂಡಿ ಅವಕ್ಕೆ ಎಂಟು ಪ್ರಾಣಗಳೆಂದು ಜೈನ ಶಾಸ್ತ್ರದ ಎಣಿಕೆ. ಪ್ರಮಾದವಶನಾಗಿ ಈ ಪ್ರಾಣಗಳಿಗೆ ಘಾತ ಮಾಡುವುದೇ ಹಿಂಸೆಯಾದ್ದರಿಂದ, ಹುಳು ಆಮೇಲೆ ಚೇತರಿಸಿಕೊಂಡು ಹಾರಿತೆಂಬ ಸಮಜಾಯಿಷಿ ಇಲ್ಲಿ ನಡೆಯದು.

ಬಯಲಿನಲ್ಲಿ ಮುಂಜಾನೆಯ ಚಳಿಯೇ ಕೀಟವನ್ನು ಬಿಸಿಲೇರುವ ತನಕ ಸುಮ್ಮನಿರಿಸುತ್ತದೆ, ಸಂವೇದಕವನ್ನು ಮೈಗೆ ಸಮಾನಾಂತರವಾಗಿ ಹಿಡಿದರೆ ಒಂದೇ ಚಿತ್ರದಲ್ಲಿ ಕಣ್ಣಿನಿಂದ ಬಾಲದವರೆಗೆ ಬಹುಪಾಲು ಸಿಗುತ್ತದೆ. ಅಷ್ಟರಲ್ಲಿ ಅದು ಮೆಲ್ಲನೆ ಕಡ್ಡಿಯ ಹಿಂಬದಿಗೆ ಸರಿದು, ಎರಡು ಕಣ್ಣುಗಳನ್ನಷ್ಟೇ ಕಡ್ಡಿಯ ಎರಡು ಪಕ್ಕಕ್ಕೂ ಚಾಚಿ ನೋಡುವುದುಂಟು. ಕಾಣಿಸಿಕೊಳ್ಳಲೊಲ್ಲದ ಜೀವಿಯ ಆ ನಿರಾಕರಣೆಯನ್ನು ಮನ್ನಿಸುವುದೂ ಅಹಿಂಸೆಯ ಭಾಗವೇ. ಹಾಗೆಂದು ಬಯಲಿನ ಛಾಯಾಗ್ರಾಹಕ ತಾನಾಗಿಯೇ ನಿರ್ದೋಷಿಯಾಗುವುದಿಲ್ಲ. ಡ್ಯಾಮ್ಸೆಲ್‌ಫ್ಲೈ ಮೊಟ್ಟೆಯಿಡುವುದು ನೀರಂಚಿನ ಗಿಡಗಳ ಅಂಗಾಂಶದೊಳಗೆ; ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ನಿಯಮವನ್ನು ಮರೆತು ಜೊಂಡನ್ನು ತುಳಿದವನು, ಫ್ರಿಜ್ಜಿನ ಬಾಗಿಲು ತೆರೆಯದೆಯೂ ಅದೇ ತಪ್ಪನ್ನು ಮಾಡಿರುತ್ತಾನೆ.