ಕತ್ತಲೆ ಯಾರದು?

ತುಮಕೂರಿನ ಹತ್ತಿರ ನಕ್ಷತ್ರ ನೋಡಲು ಒಳ್ಳೆಯ ಜಾಗ ಯಾವುದು ಎಂದು ನನ್ನನ್ನು ಆಗಾಗ ಕೇಳುತ್ತಾರೆ. ಹಾಸ್ಟೆಲಿನ ಹುಡುಗರು ಕೇಳುತ್ತಾರೆ, ಹೊಸದಾಗಿ ಕ್ಯಾಮೆರಾ ಕೊಂಡ ಗೆಳೆಯರು ಕೇಳುತ್ತಾರೆ, ಒಮ್ಮೆ ನನ್ನ ಮಾರ್ಗದರ್ಶಕರೇ ತಮ್ಮ ಮಗಳಿಗಾಗಿ ಕೇಳಿದ್ದರು. ಜಾಗವನ್ನು ಹೇಗೆ ಹುಡುಕಬೇಕೆಂದು ವಿವರವಾಗಿ ಹೇಳುತ್ತೇನೆ. ನಾನು ಹೋಗುವ ಊರಿನ ಹೆಸರನ್ನು ಮಾತ್ರ ಹೇಳುವುದಿಲ್ಲ. ಮೊದಲು ಹೇಳದೆ ಇದ್ದದ್ದಕ್ಕೆ ಒಂದು ಕಾರಣವಿತ್ತು, ಈಗ ಬೇರೆಯದೇ ಕಾರಣವಿದೆ. ಅದರಿಂದ ಇದಕ್ಕೆ ಬರಲು ಸುಮಾರು ಒಂದೂವರೆ ವರ್ಷ ಹಿಡಿಯಿತು.

ಹುಡುಕುವ ಬಗೆ ಕಷ್ಟದ್ದಲ್ಲ. ತುಮಕೂರು ಇರುವುದು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ವಾಯವ್ಯಕ್ಕೆ. ಮೋಡವಿಲ್ಲದ ರಾತ್ರಿ ಊರಾಚೆ ನಿಂತು ಆಗ್ನೇಯಕ್ಕೆ ನೋಡಿದರೆ ದಿಗಂತದ ಮೇಲೆ ಹೊಗೆಯಂಥ ಒಂದು ಬೆಳಕು ಕವಿದಿರುತ್ತದೆ. ಅದು ಬೆಂಗಳೂರು, ಜೊತೆಗೆ ಹೆದ್ದಾರಿಯುದ್ದಕ್ಕೂ ಬೆಳೆದುಕೊಂಡಿರುವ ನೆಲಮಂಗಲ, ದಾಬಸ್‌ಪೇಟೆ. ಹಾಗಾಗಿ ಆ ಬೆಳಕಿಗೆ ಬೆನ್ನು ಹಾಕಿ ಕೊರಟಗೆರೆ, ಮಧುಗಿರಿಯ ಕಡೆಗೋ ಚಿಕ್ಕನಾಯಕನಹಳ್ಳಿಯ ಕಡೆಗೋ ಹೋಗಬೇಕು. ಎಲ್ಲರಿಗೂ ಮೊದಲು ನೆನಪಾಗುವುದು ದೇವರಾಯನದುರ್ಗ. ಆದರೆ ಅದು ನಗರಕ್ಕೆ ತೀರಾ ಹತ್ತಿರ, ಮೇಲಾಗಿ ಕರಡಿ, ಚಿರತೆ ಓಡಾಡುವ ಕಾಡಿನ ದಾರಿ. ಕತ್ತಲಾದ ಮೇಲೆ ನಾವು ಅಲ್ಲಿರುವುದು ಅವುಗಳಿಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ.

ಬೆಟ್ಟಕ್ಕಿಂತ ಕೆರೆ ಏರಿ ಮೇಲು. ನಮ್ಮ ಸೀಮೆಯಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ, ನಮ್ಮ ಅಕ್ಷಾಂಶ ಎಷ್ಟೋ ಅಷ್ಟು. ಒಂದು ತೆಂಗಿನ ತೋಟ ಅಡ್ಡ ಬಂದರೆ ಸಾಕು, ಮರೆಯಾಗುತ್ತದೆ. ಏರಿಯ ಮೇಲೆ ನಿಂತರೆ ದಿಗಂತ ಸಾಕಷ್ಟು ಕೆಳಗೆ ಸರಿಯುತ್ತದೆ. ಅಮಾವಾಸ್ಯೆಯ ಆಸುಪಾಸಿನ ದಿನಗಳು ಬೇಕು; ಮಳೆ ಮುಗಿದ ಮೇಲಿನ ನವೆಂಬರ್‌ನಿಂದ ಫೆಬ್ರವರಿಯ ತನಕ ಆಕಾಶ ತಿಳಿಯಾಗಿರುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ ಶುರು. ತೀರಾ ಮಸುಕಾದುದನ್ನು ನೇರವಾಗಿ ದಿಟ್ಟಿಸಬಾರದು, ಸ್ವಲ್ಪ ಪಕ್ಕಕ್ಕೆ ನೋಡಬೇಕು. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಕಣ್ಣಿನ ನಟ್ಟನಡುವೆ ಇರುವುದಿಲ್ಲ.

ಈ ಹುಚ್ಚು ನನಗೆ ಹತ್ತಿದ್ದು ಸಂಶೋಧನೆಯ ದೆಸೆಯಿಂದ. ಮಳೆ ನಕ್ಷತ್ರಗಳ ಬಗ್ಗೆ ರೈತರು ಆಡುವ ಮಾತುಗಳನ್ನು ಸಂಗ್ರಹಿಸುವುದು ನನ್ನ ಪಿಎಚ್‌ಡಿಯ ಕೆಲಸ. ರೋಹಿಣಿ ಮಳೆ, ಆರಿದ್ರಾ ಮಳೆ, ಸ್ವಾತಿ ಮಳೆ ಎಂದು ಪುಟಗಟ್ಟಲೆ ಬರೆದುಕೊಂಡ ಮೇಲೆ ಒಂದು ದಿನ ಹೊಳೆಯಿತು: ಇವುಗಳಲ್ಲಿ ಒಂದು ನಕ್ಷತ್ರವನ್ನೂ ನಾನು ಕಣ್ಣಾರೆ ಗುರುತಿಸಲಾರೆ. ನಾಚಿಕೆಯಾಯಿತು. ಮದುವೆ ಮನೆಗಳಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಆಕಾಶಕ್ಕೆ ಬೆರಳು ತೋರಿಸಿ ಅರುಂಧತಿ ಕಾಣಿಸಿತೇ ಎಂದು ಕೇಳುತ್ತಾರೆ, ವಧೂವರರು ಕಾಣಿಸಿತು ಎಂದು ತಲೆಯಾಡಿಸುತ್ತಾರೆ. ನನ್ನ ಪ್ರಬಂಧವೂ ಹಾಗೆಯೇ ಆಗುತ್ತಿತ್ತು.

ಮಾಹಿತಿ ಸಂಗ್ರಹಕ್ಕೆ ಹೋಗುತ್ತಿದ್ದ ಊರೊಂದರಲ್ಲಿ ಜನವರಿಯ ಒಂದು ರಾತ್ರಿ ಕೊನೆಯ ಬಸ್ಸು ತಪ್ಪಿ ಉಳಿದುಕೊಂಡೆ. ಊಟವಾದ ಮೇಲೆ ಕೆರೆ ಏರಿಗೆ ಹೋದೆ. ನೆತ್ತಿಯ ಹತ್ತಿರ ಕೃತ್ತಿಕೆಯ ಗೊಂಚಲು, ಪೂರ್ವದಿಂದ ಮೇಲೇರಿ ಬಂದಿದ್ದ ಮಹಾವ್ಯಾಧ, ದಕ್ಷಿಣದಲ್ಲಿ ತಗ್ಗಿನಲ್ಲಿ ಅಗಸ್ತ್ಯ. ನಕ್ಷೆಯಲ್ಲಿ ನಾಲ್ಕು ಚುಕ್ಕಿಗಳಿದ್ದ ಕಡೆ ಇಲ್ಲಿ ಹಿಡಿಹಿಡಿಯಾಗಿ ಚುಕ್ಕಿಗಳಿದ್ದವು. ಆಕಾಶದ ಕತ್ತಲೆಯನ್ನು ಅಳೆಯಲು ಜಾನ್ ಬಾರ್ಟಲ್ ಎಂಬ ಅಮೆರಿಕದ ಹವ್ಯಾಸಿ 2001ರಲ್ಲಿ ಒಂದರಿಂದ ಒಂಬತ್ತರವರೆಗಿನ ಮಾಪಕ ರೂಪಿಸಿದರು. ಒಂದು ಎಂದರೆ ಅಪ್ಪಟ ಕತ್ತಲೆ, ಒಂಬತ್ತು ಎಂದರೆ ಮಹಾನಗರದ ನಡುಮಧ್ಯ. ಆ ಏರಿಗೆ ಎಷ್ಟು ಅಂಕವೋ ನಾನು ಲೆಕ್ಕ ಹಾಕಲಿಲ್ಲ. ಆಕಾಶಗಂಗೆ ಬರಿಗಣ್ಣಿಗೆ ಕಂಡಿತ್ತು, ಅಷ್ಟು ಸಾಕಾಗಿತ್ತು.

ಆಮೇಲೆ ತಿಂಗಳಿಗೊಮ್ಮೆಯಾದರೂ ಹೋಗತೊಡಗಿದೆ. ನನಗೆ ಊಟ ಹಾಕುತ್ತಿದ್ದ ಅಜ್ಜಿ ಒಂದು ರಾತ್ರಿ ಸೆರಗು ಹೊದ್ದು ಏರಿಯ ಮೇಲಕ್ಕೇ ಬಂದರು. "ಏನ್ ಮಗ, ಈ ಚಳೀಲಿ ಕುಂತು ನೋಡಾದು ಅಂಥಾದ್ದೇನೈತೆ ಅಲ್ಲಿ?" ಎಂದರು. ಆರಿದ್ರೆ ತೋರಿಸಲೇ ಅಜ್ಜಿ ಎಂದೆ. ಅವರು ನಕ್ಕರು. ಆರಿದ್ರೆ ಮಳೆಯ ಹೆಸರು, ಅದನ್ನೇನು ತೋರಿಸುವುದು?

ಅವರು ನಕ್ಕದ್ದರಲ್ಲಿ ತಪ್ಪಿರಲಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಅಂದರೆ ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಸುರಿಯುವಾಗ ಆರಿದ್ರೆ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಿರುತ್ತದೆ. ಮೋಡವಿಲ್ಲದಿದ್ದರೂ ಅದು ಕಾಣುವ ಹಾಗಿಲ್ಲ. ಕಾಣಬೇಕೆಂದರೆ ಮಳೆಯೇ ಇಲ್ಲದ ಚಳಿಗಾಲದ ರಾತ್ರಿ ಬರಬೇಕು. ಮಹಾವ್ಯಾಧನ ಭುಜದ ಕೆಂಪು ಚುಕ್ಕಿಯನ್ನು ತೋರಿಸಿದೆ. ಅಜ್ಜಿ ಬಹಳ ಹೊತ್ತು ನೋಡಿದರು. "ಇದಾ ಅದು? ಅರವತ್ತು ವರ್ಸದಿಂದ ಇದ್ರ ಹೆಸ್ರು ಹೇಳ್ಕಂಡು ಬಿತ್ತಿದೀನಿ ನೋಡು" ಎಂದರು.

ಆ ರಾತ್ರಿಯ ಸಂತೋಷವನ್ನು ಯಾರ ಜೊತೆಯೂ ಹಂಚಿಕೊಳ್ಳಬಾರದೆಂದು ತೀರ್ಮಾನಿಸಿದೆ. ಜನ ಬಂದರೆ ಕಾರುಗಳ ಹೆಡ್‌ಲೈಟು, ಪ್ಲಾಸ್ಟಿಕ್, ಹಾಡು ಎಲ್ಲವೂ ಬರುತ್ತವೆ. ಹೆಸರು ಹೇಳದೆ ಇದ್ದದ್ದಕ್ಕೆ ಮೊದಲ ಕಾರಣ ಇದು. ಮನಸ್ಸಿನಲ್ಲಿ ಅದನ್ನು 'ನನ್ನ ಜಾಗ' ಎಂದೇ ಕರೆಯುತ್ತಿದ್ದೆ.

ಅದೇ ವರ್ಷ ಮಳೆಗಾಲ ಕಳೆದ ಮೇಲೆ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ ನನ್ನನ್ನು ನಿಲ್ಲಿಸಿ ಹೇಳಿದರು: "ಸಾರ್, ನೀವು ಓದಿದೋರು. ಏರಿ ಮ್ಯಾಲೆ ಲೈಟು ಹಾಕ್ಸಿ ಅಂತ ಪಂಚಾಯ್ತಿಗೊಂದು ಅರ್ಜಿ ಬರ್ಕೊಡಿ. ನಾವು ಬರೆದ್ರೆ ಯಾರೂ ಓದಲ್ಲ." ಏರಿಯ ಆಚೆ ಬದಿಯ ಕೇರಿಯಿಂದ ಹೆಂಗಸರು ಬೆಳಗಿನ ಜಾವ ಐದೂವರೆಗೆ ಕ್ಯಾನು ಹಿಡಿದು ಆ ಏರಿಯ ಮೇಲೇ ಡೈರಿಗೆ ಬರುತ್ತಿದ್ದರು, ಸಂಜೆ ಮತ್ತೆ ಅದೇ ದಾರಿ. ಚಳಿಗಾಲದಲ್ಲಿ ಎರಡು ಹೊತ್ತೂ ಕತ್ತಲೆ. ಬರೆದುಕೊಡುತ್ತೇನೆ ಅಣ್ಣ ಎಂದೆ.

ಬರೆಯಲಿಲ್ಲ. ಅರ್ಧ ಗಂಟೆಯ ಕೆಲಸ. ಸೆಮಿನಾರಿತ್ತು, ಅಧ್ಯಾಯ ಒಪ್ಪಿಸಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ದಿನಗಳಲ್ಲಿ ನಾನು ಎರಡು ಸಲ ಆ ಊರಿಗೆ ಹೋಗಿ ನಕ್ಷತ್ರ ನೋಡಿ ಬಂದಿದ್ದೆ. ಡಿಸೆಂಬರಿನಲ್ಲಿ ಹಾಲು ಹೊತ್ತು ಬರುತ್ತಿದ್ದ ಒಬ್ಬರಿಗೆ ಏರಿಯ ಮೇಲೆ ಕೊಳಕುಮಂಡಲ ಕಚ್ಚಿತು. ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದ್ದರಿಂದ ಬದುಕಿಕೊಂಡರು. ಕಾಲಿನ ಗಾಯ ಮಾಗಲು ತಿಂಗಳುಗಳೇ ಹಿಡಿದವು. ನಾನು ಅರ್ಜಿ ಬರೆದಿದ್ದರೂ ಅಷ್ಟರೊಳಗೆ ದೀಪ ಬರುತ್ತಿರಲಿಲ್ಲ ಎಂಬುದು ನಿಜ. ಆದರೆ ನಾನು ಬರೆಯದೆ ಇದ್ದದ್ದು ಆ ಲೆಕ್ಕ ಹಾಕಿ ಅಲ್ಲ. ದೀಪ ಬರುವುದು ನನಗೆ ಬೇಕಿರಲಿಲ್ಲ, ಅಷ್ಟೇ.

ನನ್ನ ಪರವಾಗಿ ವಾದಗಳು ಇಲ್ಲದೆ ಇರಲಿಲ್ಲ. ಮನುಷ್ಯಕುಲದ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಿಗೆ ತಾವಿರುವ ಕಡೆಯಿಂದ ಆಕಾಶಗಂಗೆ ಕಾಣುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಕೃತಕ ಬೆಳಕಿನ ಜಾಗತಿಕ ನಕಾಶೆ ತೋರಿಸಿಕೊಟ್ಟಿತು. ಬಾವಲಿಗೆ, ಮಿಂಚುಹುಳಕ್ಕೆ, ರಾತ್ರಿ ಹಾರುವ ಪತಂಗಗಳಿಗೆ ಕತ್ತಲೆ ಬದುಕಿನ ಪ್ರಶ್ನೆ. ಕತ್ತಲೆಯೂ ಗೋಮಾಳದ ಹಾಗೆ ಎಲ್ಲರಿಗೂ ಸೇರಿದ್ದು, ಒಬ್ಬೊಬ್ಬರು ಒಂದೊಂದು ಗುಂಟೆ ಒತ್ತುವರಿ ಮಾಡಿದರೆ ಕೊನೆಗೆ ಯಾರಿಗೂ ಉಳಿಯುವುದಿಲ್ಲ. ಈ ಮಾತುಗಳನ್ನು ನಾನು ಈಗಲೂ ನಂಬುತ್ತೇನೆ.

ಆದರೆ ಗೋಮಾಳ ಒತ್ತುವರಿಯಾದಾಗ ಮೊದಲು ಖಾಲಿ ಮಾಡಿಸುವುದು ಯಾರನ್ನು? ನೂರು ಎಕರೆ ನುಂಗಿದವರನ್ನು ಬಿಟ್ಟು ಅಂಚಿನಲ್ಲಿ ಗುಡಿಸಲು ಹಾಕಿಕೊಂಡವರನ್ನು. ನಾನೂ ಅದನ್ನೇ ಮಾಡಿದ್ದೆ. ನನ್ನ ಆಗ್ನೇಯ ದಿಗಂತವನ್ನು ಕೆಡಿಸಿದ್ದು ಬೆಂಗಳೂರು. ತುಮಕೂರಿನಲ್ಲಿ ನನ್ನ ಹಾಸ್ಟೆಲಿನ ಮುಂದೆ ಎರಡು ದೊಡ್ಡ ದೀಪಗಳು ರಾತ್ರಿಯಿಡೀ ಖಾಲಿ ಮೈದಾನವನ್ನು ಬೆಳಗುತ್ತವೆ. ಹೆದ್ದಾರಿಯ ಜಾಹೀರಾತು ಫಲಕಗಳು ಯಾರೂ ಓದದ ನಡುರಾತ್ರಿಯಲ್ಲೂ ಉರಿಯುತ್ತವೆ. ಅವುಗಳಲ್ಲಿ ಒಂದನ್ನಾದರೂ ಆರಿಸಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನಾನು ಮನಸ್ಸಿನಲ್ಲೇ ತಡೆಹಿಡಿದದ್ದು ಒಂದೇ ಒಂದು ದೀಪವನ್ನು, ಅದೂ ಹಾಲಿನ ಕ್ಯಾನು ಹೊತ್ತವರ ಕಾಲ ಬುಡಕ್ಕೆ ಬೀಳಬೇಕಿದ್ದ ದೀಪವನ್ನು.

ನಮ್ಮಲ್ಲಿ ವಿದ್ಯುತ್ತು ಬಂದ ದಾರಿಯೂ ಇಂಥದ್ದೇ. ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಬೆಳಕು ಎಲ್ಲಿಗೆ ಹೋಗಬೇಕೆಂದು ಯಾರೋ ಯಾವತ್ತೂ ತೀರ್ಮಾನಿಸಿದ್ದಾರೆ. ಹೋಗದೆ ಉಳಿದ ಕಡೆ ಕತ್ತಲೆ ಉಳಿದಿದೆ. ನಾನು ಹಣ ಕೊಡದೆ ಅನುಭವಿಸುತ್ತಿದ್ದ ಆಕಾಶ ಆ ತೀರ್ಮಾನದ ಫಲ. ನಾನು ಆ ಕತ್ತಲೆಗೆ ಬರುತ್ತಿದ್ದುದು ಬೇಕೆಂದಾಗ, ಟಾರ್ಚು ಹಿಡಿದು, ಬೂಟು ಹಾಕಿಕೊಂಡು. ಬೆಳಗಾದರೆ ಟ್ಯೂಬ್‌ಲೈಟಿನ ಕೋಣೆಗೆ ಮರಳುತ್ತಿದ್ದೆ. ಅಲ್ಲಿಯವರಿಗೆ ಅದರಿಂದ ಮರಳಿ ಹೋಗುವ ಬೇರೆ ಜಾಗವಿಲ್ಲ.

ಹಾಗಾದರೆ ಆಕಾಶವನ್ನು ಬಿಟ್ಟುಕೊಡಬೇಕೆ? ಇದನ್ನು ಯೋಚಿಸುವಾಗಲೇ ಪ್ರಶ್ನೆಯನ್ನು ತಪ್ಪಾಗಿ ಹಾಕಿಕೊಂಡಿದ್ದೇನೆ ಎನ್ನಿಸಿದ್ದು. ನಕ್ಷತ್ರವನ್ನು ಮಂಕಾಗಿಸುವುದು ಹೆಚ್ಚಾಗಿ ಮೇಲಕ್ಕೂ ಪಕ್ಕಕ್ಕೂ ಚೆಲ್ಲುವ ಬೆಳಕು. ಆ ಬೆಳಕಿನಿಂದ ದಾರಿಯಲ್ಲಿರುವ ಹಾವು ಕಾಣುವುದಿಲ್ಲ. ದೀಪಕ್ಕೆ ಮೇಲೊಂದು ಮುಚ್ಚಳವಿದ್ದು ಬೆಳಕೆಲ್ಲ ಕೆಳಕ್ಕೆ ಬಿದ್ದರೆ ಕಡಿಮೆ ವ್ಯಾಟಿನಲ್ಲೇ ದಾರಿ ಚೆನ್ನಾಗಿ ಕಾಣುತ್ತದೆ. ನೀಲಿ ಛಾಯೆಯ ಬಿಳಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ, ಹಳದಿ ಬೆಳಕು ಕಡಿಮೆ ಚದುರುತ್ತದೆ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯ ಆಕಾಶಕ್ಕೆಂದೇ ಒಂದು ರಕ್ಷಿತ ಪ್ರದೇಶ ಘೋಷಣೆಯಾಯಿತು. ಅಲ್ಲಿಯೂ ಊರುಗಳಿಗೆ ದೀಪ ಬೇಡ ಎನ್ನಲಿಲ್ಲ. ದೀಪಗಳಿಗೆ ಮರೆ ಕಟ್ಟಿ, ಊರಿನವರಿಗೇ ತರಬೇತಿ ಕೊಟ್ಟು, ಬಂದವರಿಗೆ ಆಕಾಶ ತೋರಿಸಿ ಅವರೂ ನಾಲ್ಕು ಕಾಸು ಕಾಣುವ ಹಾಗೆ ಮಾಡಿದ್ದಾರೆ. ಕತ್ತಲೆಯನ್ನು ಉಳಿಸಿಕೊಂಡವರಿಗೇ ಅದರ ಪಾಲು ಸಿಗುವಂತಾಗಿದೆ.

ಜನವರಿಯಲ್ಲಿ ಅರ್ಜಿ ಬರೆದೆ. ದೀಪಗಳು ತಗ್ಗಿನ ಕಂಬದಲ್ಲಿರಲಿ, ಮೇಲೆ ಮುಚ್ಚಳವಿರಲಿ, ಹಳದಿ ಬೆಳಕಿರಲಿ ಎಂದು ಒಂದು ಸಾಲು ಸೇರಿಸುವ ಮೊದಲು ಕಾರ್ಯದರ್ಶಿಯವರನ್ನೂ ಅಜ್ಜಿಯನ್ನೂ ಕೇಳಿದೆ. ಕಾರಣ ವಿವರಿಸಿದಾಗ ಕಾರ್ಯದರ್ಶಿ, "ಸೇರ್ಸಿ ಸಾರ್, ಆದ್ರೆ ಆ ನೆಪದಲ್ಲಿ ಲೈಟೇ ಬರ್ದಂಗೆ ಆಗ್ಬಾರ್ದು ನೋಡಿ" ಎಂದರು. ಆ ಸಾಲನ್ನು ವಿನಂತಿಯ ಕೊನೆಗೆ ಹಾಕಿದೆ, ಷರತ್ತಾಗಿ ಅಲ್ಲ.

ಏಪ್ರಿಲಿನಲ್ಲಿ ದೀಪ ಬಂತು. ಎರಡು ಎತ್ತರದ ಕಂಬ, ಮುಚ್ಚಳವಿಲ್ಲದ ಬೆಳ್ಳನೆಯ ಬೆಳಕು. ಏರಿಯ ಮೇಲೆ ನಿಂತರೆ ಈಗ ಅರ್ಧ ಆಕಾಶ ಇಲ್ಲ. ಆಕಾಶಗಂಗೆ ಇಲ್ಲವೇ ಇಲ್ಲ. ಅದನ್ನು ನೋಡಿ ನನಗೆ ಸಂಕಟವಾಯಿತು, ಸುಳ್ಳು ಹೇಳಲಾರೆ. ಅದೇ ಬೆಳಕಿನಲ್ಲಿ ಕಾಲಿಗೆ ಪೆಟ್ಟಾಗಿದ್ದವರು ಕುಂಟುತ್ತಲೇ ಕ್ಯಾನು ಹಿಡಿದು ನಡೆದು ಹೋದರು, ನೆಲ ನೋಡದೆ, ಪಕ್ಕದವರ ಜೊತೆ ಮಾತಾಡುತ್ತಾ. ಎರಡೂ ನಿಜ, ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಿ ಹಾಕಲಾರೆ. ಅಜ್ಜಿ ಮಾತ್ರ, "ನಿಂಗೀಗ ಕಾಣಂಗಿಲ್ಲ ಅಲ್ವಾ ಮಗ? ನಮ್ಮ ಹೊಲದ ತಾವ ಬಾ, ಗುಡ್ಡದ ಮರೆ ಐತೆ, ಅಲ್ಲಿಗೆ ಈ ಬೆಳ್ಕು ಬೀಳಲ್ಲ" ಎಂದರು. ಈಗ ಹೋಗುವುದು ಅಲ್ಲಿಗೆ, ಅವರು ಇರುವ ದಿನ, ಅವರನ್ನು ಕೇಳಿಕೊಂಡು.

ಹಾಗಾಗಿ ಊರಿನ ಹೆಸರನ್ನು ಈಗಲೂ ಹೇಳುತ್ತಿಲ್ಲ. ಅದು ನನ್ನ ಜಾಗವೆಂದಲ್ಲ, ಬೇರೆಯವರ ಹೊಲವೆಂದು. ನೀವು ನಿಮ್ಮ ಊರಿನ ಸುತ್ತ ಜಾಗ ಹುಡುಕುವಾಗ ನಕಾಶೆ, ಅಮಾವಾಸ್ಯೆ, ಮೋಡ ಎಲ್ಲ ನೋಡಿಕೊಳ್ಳಿ. ಜೊತೆಗೆ ಆ ಕತ್ತಲೆಯಲ್ಲಿ ದಿನವೂ ನಡೆಯುವವರು ಯಾರು, ಅವರಿಗೆ ಏನು ಬೇಕಾಗಿದೆ ಎಂದು ಒಂದು ಮಾತು ಕೇಳಿ. ಅವರು ದೀಪ ಬೇಕೆಂದರೆ ಮೊದಲು ಅವರ ಅರ್ಜಿ ಬರೆದುಕೊಡಿ, ಕತ್ತಲೆಯನ್ನು ನಿಮ್ಮ ಬೀದಿಯಿಂದ ಕೇಳಲು ಶುರುಮಾಡಿ.

ನಾನು ಕಳೆದ ತಿಂಗಳು ಎರಡನೆಯ ಅರ್ಜಿ ಬರೆದೆ. ಹಾಸ್ಟೆಲಿನ ಮುಂದಿನ ಆ ಎರಡು ದೀಪಗಳಿಗೆ ಮುಚ್ಚಳ ಹಾಕಿಸಿ, ಹನ್ನೊಂದರ ಮೇಲೆ ಒಂದನ್ನು ಆರಿಸಿ ಎಂದು. ಹದಿನೇಳು ಜನ ಸಹಿ ಹಾಕಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.